ಹಗ್ಗದ ದೋಣಿಯ ಮೂರನೆಯವನು

ನಮ್ಮ ತೊರ್ತೂ ಕೊಲ್ಲಿಯಲ್ಲಿ ಸಾಯುವವರು ಹಿಂದೆಲ್ಲ ವಾರ ನೋಡುತ್ತಿರಲಿಲ್ಲ. ಕರೆ ಬಂದಾಗ ಹೊರಡುತ್ತಿದ್ದರು. ಹಡಗು ನಿಲ್ಲುವ ಧಕ್ಕೆ ಬಂದ ಮೇಲೆ ವಾರ ನೋಡುವಂತಾಯಿತು. ಪ್ರವಾಸಿ ಹಡಗು ಬಂದು ನಿಂತಿರುವಷ್ಟು ಹೊತ್ತು ಅದರ ಸುತ್ತಿನ ನೀರಿಗೆ ನಮ್ಮ ದೋಣಿಗಳು ಸುಳಿಯಕೂಡದು. ನಮ್ಮ ಹಿರಿಯರ ಗೋರಿಗಳಿರುವುದು ಕೊಲ್ಲಿಯ ಆಚೆ ದಡದಲ್ಲಿ, ಕಡಲಿಗೆ ಮೂಗಿನ ಹಾಗೆ ಚಾಚಿಕೊಂಡ ಗುಡ್ಡದ ಮೇಲೆ. ಧಕ್ಕೆಯ ತುದಿಗೂ ಆ ಗೋರಿಗುಡ್ಡಕ್ಕೂ ನಡುವೆ ಉಳಿದಿರುವುದು ಒಂದು ಕಿರಿದಾದ ಬಾಯಿ ಮಾತ್ರ. ಅದರಾಚೆ ಬಂಡೆಸಾಲು. ಹೆಣ ಹೊತ್ತ ದೋಣಿ ಆ ಬಾಯಿಯಲ್ಲೇ ಹಾದುಹೋಗಬೇಕು. ಬೇರೆ ನೀರುದಾರಿ ಇಲ್ಲ.

ಧಕ್ಕೆಗೆ ಮೊದಲು ಹಣ ಹಾಕಿದ ಕಂಪನಿಯವರು ಭಾನುವಾರವೊಂದನ್ನು ಬಿಟ್ಟುಕೊಡುತ್ತೇವೆ ಎಂದು ನಮ್ಮ ಇಗರ್ಜಿಯ ಅಂಗಳದಲ್ಲೇ ನಿಂತು ಮಾತು ಕೊಟ್ಟಿದ್ದರು. ಅವರ ಹಡಗುಗಳ ಚಿಮಣಿ ಹಳದಿ ಬಣ್ಣದ್ದು. ಹಾಗಾಗಿ ನಮ್ಮ ಬಾಯಲ್ಲಿ ಅವರು ಹಳದಿಯವರು. ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು, ಇಲ್ಲವೆನ್ನಬಾರದು. ವಾರದ ನಡುವೆ ಹೋದವರು ಮೀನು ಸಂಘದ ಮಂಜುಗಡ್ಡೆ ಕೋಣೆಯಲ್ಲಿ ಭಾನುವಾರಕ್ಕಾಗಿ ಕಾಯುತ್ತ ಮಲಗಿರುತ್ತಿದ್ದರು. "ಸಾಯೋದೇ ಇದ್ರೆ ಶನಿವಾರ ಸಾಯಿ ಮಾರಾಯ, ಮೈಗೆ ಮೀನಿನ ವಾಸನೆ ಹತ್ತಲ್ಲ" ಎನ್ನುವುದು ನಮ್ಮಲ್ಲಿ ಹಳೆಯ ತಮಾಷೆಯೇ ಆಗಿಹೋಯಿತು.

ಅನಾತೋಲ್ ಹೋದದ್ದು ಶುಕ್ರವಾರ ಬೆಳಿಗ್ಗೆ. ಎಂದಿನಂತೆ ಬಂದ ಹಡಗಿಗೆ ಹಗ್ಗ ಕಟ್ಟಿ ಮನೆಗೆ ಬಂದ, ಕೋಕೋ ಚಹಾ ಕೇಳಿದ, ಹೆಂಡತಿ ಬಟ್ಟಲು ತರುವಷ್ಟರಲ್ಲಿ ಹೊಸ್ತಿಲ ಬಳಿಯ ಬೆಂಚಿನ ಮೇಲೆ ತಲೆ ವಾಲಿಸಿದ್ದ. ದೇವರು ಕೆಲವರನ್ನು ಹಾಗೆ ಮೆಲ್ಲಗೆ ಎತ್ತಿಕೊಳ್ಳುತ್ತಾನೆ, ನಿದ್ದೆಹೋದ ಮಗುವನ್ನು ತಾಯಿ ಎತ್ತಿಕೊಂಡ ಹಾಗೆ.

ನಾನು ಇಗರ್ಜಿಯಲ್ಲಿ ಪ್ರಾರ್ಥನೆ ಹೇಳಿಸುವವನು. ಪಾದ್ರಿಗಳು ಪಟ್ಟಣದಿಂದ ಆಗೊಮ್ಮೆ ಈಗೊಮ್ಮೆ ಬಂದುಹೋಗುತ್ತಾರೆ. ಉಳಿದಂತೆ ಗಂಟೆ, ಮೇಣದಬತ್ತಿ, ಸತ್ತವರ ಮುಂದಿನ ಜಪ ಎಲ್ಲವೂ ನನ್ನ ಪಾಲು. ಎಷ್ಟೋ ಜನರನ್ನು ಅನಾತೋಲನ ದೋಣಿಯಲ್ಲಿ ಆಚೆ ದಡಕ್ಕೆ ಸಾಗಿಸಿದ್ದೇನೆ. ನಾನು ಮುಂದೆ ಶಿಲುಬೆ ಹಿಡಿದು ಕೂರುತ್ತಿದ್ದೆ, ಅವನು ಹಿಂದೆ ಚುಕ್ಕಾಣಿ ಹಿಡಿದು ನಿಲ್ಲುತ್ತಿದ್ದ, ನಡುವೆ ಹೊರಟವರು. ಊರಿನ ಹೆಣಗಳನ್ನೆಲ್ಲ ದಾಟಿಸುವುದು ಅವನ ಮನೆತನದ ಕೆಲಸ. ಅದಕ್ಕೆ ಅವನು ಯಾರಿಂದಲೂ ಕಾಸು ಮುಟ್ಟಿದವನಲ್ಲ. ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಧಕ್ಕೆಯ ಹಗ್ಗದ ದೋಣಿಯ ಕೆಲಸ.

ಹಗ್ಗದ ದೋಣಿ ಎಂದರೆ ಇಷ್ಟೇ: ಹಡಗಿನ ಮೂತಿ ಧಕ್ಕೆಯನ್ನೂ ದಾಟಿ ಮುಂದೆ ಚಾಚಿರುತ್ತದೆ. ಅದನ್ನು ಹಿಡಿದು ನಿಲ್ಲಿಸಲು ನೀರಿನ ನಡುವೆ, ಗೋರಿಗುಡ್ಡದ ಹತ್ತಿರ ಒಂದು ಕಂಬ ನೆಟ್ಟಿದ್ದಾರೆ. ಹಡಗಿನವರು ಮೇಲಿನಿಂದ ತೊಡೆಗಾತ್ರದ ಹಗ್ಗ ಇಳಿಬಿಡುತ್ತಾರೆ. ಒಬ್ಬ ದೋಣಿ ನಡೆಸುತ್ತಾನೆ, ಒಬ್ಬ ಹಗ್ಗದ ಕುಣಿಕೆಯನ್ನು ಕಂಬದ ಕೊಕ್ಕೆಗೆ ಹಾಕುತ್ತಾನೆ, ಮೂರನೆಯವನು ದೋಣಿಯ ಹಿಂಭಾಗದಲ್ಲಿ ಕೂತು ಹಗ್ಗ ಎಂಜಿನ್ನಿಗೆ ಸುತ್ತಿಕೊಳ್ಳದಂತೆ ಎತ್ತಿಹಿಡಿಯುತ್ತಾನೆ. ಆ ಮೂರನೆಯವನು ಅನಾತೋಲ್.

ಶುಕ್ರವಾರ ಸಂಜೆ ಅವನ ಮನೆಯಂಗಳದಲ್ಲಿ ಜನ ಸೇರಿದರು. ಹೆಂಗಸರು ಒಳಗೆ ಜಪಸರ ಹಿಡಿದಿದ್ದರು, ಗಂಡಸರು ಹೊರಗೆ, ಸಾವಿನ ಮನೆಯ ವಾಡಿಕೆಯಂತೆ, ಡಾಮಿನೊ ಆಟದ ಕಾಯಿ ಕುಟ್ಟುತ್ತಿದ್ದರು. ಶುಂಠಿ ಚಹಾ, ರಮ್ಮು, ಕರಿದ ರೊಟ್ಟಿ, ಉಪ್ಪುಮೀನು. ಹಗ್ಗದ ದೋಣಿ ನಡೆಸುವ ಗ್ಯಾಸ್ಪಾರ್ ಒಂದು ಕಾಯಿಯನ್ನು ಮೇಜಿಗೆ ಅಪ್ಪಳಿಸಿ, ತಲೆಯೆತ್ತದೆ ಹೇಳಿದ:

"ತೊಂತೊಂ ಸಿಲ್ವೇರ್, ಭಾನುವಾರ ಹೊರಡಿಸ್ತೀರಾ?"

ನಮ್ಮಲ್ಲಿ ಹಿರಿಯರನ್ನೆಲ್ಲ ತೊಂತೊಂ ಎಂದೇ ಕರೆಯುವುದು. "ಮತ್ತಿನ್ಯಾವಾಗ?" ಎಂದೆ.

"ಹಾಗಾದ್ರೆ ನಿಮಗೂ ಗೊತ್ತಿಲ್ಲ. ಒಳ್ಳೇದಾಯ್ತು, ನಾನೊಬ್ಬನೇ ದಡ್ಡ ಅಲ್ಲ. ಈ ಭಾನುವಾರದಿಂದ ಹಸಿರಿನವರು ಬರ್ತಾರೆ."

ಕಾಯಿ ಕುಟ್ಟುವ ಸದ್ದು ನಿಂತಿತು.

ಹಸಿರು ಚಿಮಣಿಯ ಕಂಪನಿ ಹಳದಿಯವರ ಹಳೆಯ ವೈರಿ. ವರ್ಷಗಟ್ಟಲೆ ಅವರ ಹಡಗುಗಳು ದೂರದಲ್ಲಿ ಹಾದುಹೋಗುವುದನ್ನು ನೋಡಿದ್ದೆವು. ಕಳೆದ ಬೇಸಿಗೆಯಲ್ಲಿ ಇಬ್ಬರೂ ರಾಜಿಯಾದರು. ಧಕ್ಕೆಯನ್ನು ಉದ್ದ ಮಾಡಲು ಹಸಿರಿನವರು ಹಣ ಹಾಕುವುದು, ಬದಲಿಗೆ ಧಕ್ಕೆಯಲ್ಲಿ ಪಾಲು ಪಡೆಯುವುದು. ಸುದ್ದಿ ಬಂದ ದಿನ ಅದೇ ಇಗರ್ಜಿಯ ಅಂಗಳದಲ್ಲಿ ನಾವೆಲ್ಲ ಡೋಲು ಬಾರಿಸಿ ಕುಣಿದೆವು. ಮಾಲೆ ಮಾರುವವರು, ಟ್ಯಾಕ್ಸಿಯವರು, ಹಗ್ಗ ಹಿಡಿಯುವವರು ಎಲ್ಲರಿಗೂ ಇನ್ನಷ್ಟು ಹಡಗು. ಭಾನುವಾರದ ಗತಿ ಏನೆಂದು ಯಾರೂ ಕೇಳಲಿಲ್ಲ. ಕೇಳಬೇಕಾದ ವಿಷಯ ಅದು ಎಂದೇ ನಮಗೆ ಹೊಳೆಯಲಿಲ್ಲ. ಭಾನುವಾರ ದೇವರದ್ದು. ಅದನ್ನು ಯಾರಾದರೂ ಪಾಲು ಹಾಕಿಕೊಂಡಾರು ಎಂದು ಯಾವ ಊರಿನವರು ತಾನೇ ಎಣಿಸುತ್ತಾರೆ?

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ," ಎಂದ ಗ್ಯಾಸ್ಪಾರ್, "ಇಲ್ಲಿ ಅವರು ರಾಜಿಯಾಗಿ ಕೂಸು ಬಡವಾಯ್ತು ನೋಡಿ."

ಒಳಗಿನಿಂದ ಅನಾತೋಲನ ಹೆಂಡತಿ ಮಾ ಯುಲಾಲಿ ಬಾಗಿಲಿಗೆ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೈಯಲ್ಲಿ ಜಪಸರ ಇನ್ನೂ ನಡುಮಣಿಯಲ್ಲೇ ನಿಂತಿತ್ತು.

"ಸಿಲ್ವೇರ್, ನಾಳೆ ಕ್ಲೋವಿಸ್ ಹತ್ರ ಹೋಗೋಣ" ಎಂದಳು. "ಅವರು ನೀರಿನಲ್ಲೇ ಹೋಗ್ಬೇಕು."

ಅಷ್ಟೇ ಹೇಳಿ ಒಳಗೆ ಹೋದಳು. ಕಡಲಿನ ಅನ್ನ ತಿಂದವನು ನೆಲದ ಮೇಲೆ ಗೋರಿಗೆ ಹೋದರೆ ಅವನ ಪಾಲಿನ ಅಲೆ ದಡಕ್ಕೆ ಬಂದು ಅವನನ್ನೇ ಹುಡುಕುತ್ತಿರುತ್ತದೆ ಎಂಬುದು ನಮ್ಮವರ ಮಾತು. ಪಾದ್ರಿಗಳು ಇದನ್ನು ಒಪ್ಪುವುದಿಲ್ಲ. ನಾನು ಒಪ್ಪಿದ್ದೇನೋ ಇಲ್ಲವೋ, ಯಾರೂ ಕೇಳಿಲ್ಲ. ಆದರೆ ಊರಿನ ಎಲ್ಲರನ್ನೂ ನೀರಿನಲ್ಲಿ ದಾಟಿಸಿದವನಿಗೇ ನೀರು ಸಿಗದಿದ್ದರೆ ಹೇಗೆ ಎಂಬ ಪ್ರಶ್ನೆ ಅಂಗಳದಲ್ಲಿ ಕೂತವರ ಮುಖದಲ್ಲೆಲ್ಲ ಕಾಣುತ್ತಿತ್ತು.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಧಕ್ಕೆಗೆ ಹೋದೆವು. ಕ್ಲೋವಿಸ್ ಅಲ್ಲಿಯ ಮೇಲ್ವಿಚಾರಕ. ನಮ್ಮೂರಿನವನೇ. ಕೂಸಾಗಿದ್ದಾಗ ಇಗರ್ಜಿಯಲ್ಲಿ ಜ್ಞಾನಸ್ನಾನಕ್ಕೆ ಅವನನ್ನು ಎತ್ತಿಕೊಂಡು ನಿಂತವನು ಅನಾತೋಲ್. ಹಾಗಾಗಿ ಅವನಿಗೆ ಅನಾತೋಲ್, ಮಾ ಯುಲಾಲಿ ಇನ್ನೊಂದು ಜೊತೆ ಅಪ್ಪ ಅಮ್ಮ. ಬಿಳಿ ಅಂಗಿ, ಸೊಂಟದಲ್ಲಿ ರೇಡಿಯೊ, ಕಣ್ಣು ಕೆಂಪು. ರಾತ್ರಿ ಜಪಕ್ಕೆ ಬಂದು ಮೂಲೆಯಲ್ಲಿ ಕೂತು ಅತ್ತು ಹೋಗಿದ್ದ. ಮಾ ಯುಲಾಲಿಯನ್ನು ಕಂಡೊಡನೆ ತನ್ನ ಕುರ್ಚಿ ಬಿಟ್ಟುಕೊಟ್ಟ.

"ಅಮ್ಮಾ, ನೀವ್ ಯಾಕ್ ಬಂದ್ರಿ ಅಂತ ಗೊತ್ತು. ನಿನ್ನೆಯಿಂದ ಅದನ್ನೇ ಯೋಚಿಸ್ತಿದ್ದೀನಿ."

"ಯೋಚ್ನೆ ಮಾಡಿದ್ದು ಸಾಕು, ಫೋನ್ ಮಾಡು" ಎಂದಳು ಅವಳು.

ಅವನು ಮಾಡಿದ. ಮೊದಲು ಹಳದಿಯವರ ಏಜೆಂಟನಿಗೆ. ಆ ಮನುಷ್ಯ ಒಳ್ಳೆಯವನೇ, ಅನಾತೋಲನನ್ನು ಬಲ್ಲವನು, ನಿಜವಾಗಿಯೂ ನೊಂದುಕೊಂಡ. ಆದರೆ ಭಾನುವಾರ ಈಗ ತಮ್ಮ ಕೈಯಲ್ಲಿಲ್ಲ, ಒಪ್ಪಂದದಲ್ಲಿ ಅದು ಹಸಿರಿನವರ ಪಾಲಿಗೆ ಹೋಗಿದೆ ಎಂದ. ಹಸಿರಿನವರಿಗೆ ಮಾಡಿದಾಗ ಒಬ್ಬ ಹೆಂಗಸು ಎತ್ತಿಕೊಂಡಳು, ಅವಳ ದನಿಯೂ ಮೃದು. ಭಾನುವಾರ ಬಿಡುತ್ತೇವೆಂದು ತಾವು ಯಾರಿಗೂ ಹೇಳಿಲ್ಲ, ಹೇಳಿದವರು ಹಳದಿಯವರು, ಅವರನ್ನೇ ಕೇಳಿ ಎಂದಳು. ಕೊನೆಗೆ ಪಟ್ಟಣದ ಸರ್ಕಾರಿ ಕಚೇರಿ. ಶನಿವಾರವಾದ್ದರಿಂದ ಬಹಳ ಹೊತ್ತು ಯಾರೂ ಎತ್ತಲಿಲ್ಲ. ಕೊನೆಗೆ ಎತ್ತಿದವನು, ಧಕ್ಕೆ ಸರ್ಕಾರದ್ದೇ, ಅದರಲ್ಲಿ ಸಂಶಯ ಬೇಡ, ಆದರೆ ಕಂಪನಿಗಳು ಹಾಕಿದ ಹಣ ತೀರುವವರೆಗೆ ಯಾವ ದಿನ ಯಾವ ಹಡಗು ಎಂಬುದು ಅವರ ತೀರ್ಮಾನ ಎಂದ.

"ತೀರೋದು ಯಾವಾಗಂತೆ?" ಮಾ ಯುಲಾಲಿ ಕೇಳಿದಳು.

ಕ್ಲೋವಿಸ್ ಫೋನಿಗೆ ಅದನ್ನೇ ಕೇಳಿ, ಉತ್ತರ ಕೇಳಿ, ಕೆಳಗಿಟ್ಟ. "ಇಳಿಯೋ ಪ್ರವಾಸಿಗಳ ತಲೆಗಿಷ್ಟು ಅಂತ ತೆರಿಗೆ ಇದೆಯಲ್ಲಮ್ಮ, ಅದು ಸರ್ಕಾರಕ್ಕೆ ಬರೋ ಬದ್ಲು ಅವರಿಗೇ ವಾಪಸ್ ಹೋಗುತ್ತೆ. ಹಾಗೆ ತೀರ್ತಾ ಬರ್ಬೇಕು. ನನ್ನ ಮಕ್ಕಳು ಮುದುಕರಾಗೋ ಹೊತ್ತಿಗೆ ತೀರ್ಬಹುದು."

"ಮನೆ ನಮ್ಮದು, ಬಾಗಿಲು ಅವರದ್ದು" ಎಂದಳು ಮಾ ಯುಲಾಲಿ. ಸಿಟ್ಟಿರಲಿಲ್ಲ. ತುಂಬ ದೂರ ಹೊತ್ತು ತಂದ ಬುಟ್ಟಿಯನ್ನು ಕೆಳಗಿಟ್ಟವಳ ದನಿ ಅದು.

ನಾನು ಕೇಳಿದೆ: "ಹಡಗು ಬರೋ ಮೊದ್ಲೇ ಹೋಗಿಬಿಟ್ರೆ?"

"ಬೆಳಕಾಗೋ ಹೊತ್ತಿಗೆ ಅದು ಬಾಯಲ್ಲೇ ಇರುತ್ತೆ ತೊಂತೊಂ. ಹೊರಡೋದು ಸೂರ್ಯ ಮುಳುಗಿದ ಮೇಲೆ. ಕತ್ತಲಲ್ಲಿ ನೀವು ಎತ್ತಲ್ಲ."

ಎತ್ತುವುದಿಲ್ಲ. ಕತ್ತಲಲ್ಲಿ ಹೆಣ ಎತ್ತುವುದು ಕಳ್ಳತನ ಮಾಡಿದಂತೆ. ಸೋಮವಾರಕ್ಕೆ ಹಳದಿಯವರ ಹಡಗು, ಮಂಗಳವಾರಕ್ಕೂ ಅವರದ್ದೇ. ಈ ಹಡಗುಗಳ ಕಾಲ ಮುಗಿಯುವುದು ಈಸ್ಟರ್ ಕಳೆದ ಮೇಲೆ. ಅಲ್ಲಿಯವರೆಗೆ ಯಾವ ಮಂಜುಗಡ್ಡೆಯೂ ಕಾಯುವುದಿಲ್ಲ.

ಪಾದ್ರಿಗಳಿಗೂ ಫೋನ್ ಮಾಡಿದೆವು. ಭಾನುವಾರ ಅವರಿಗೆ ಬೇರೆ ಊರಿನಲ್ಲಿ ಪೂಜೆ, ಬರಲಾಗುವುದಿಲ್ಲ, ಗೋರಿಗೆ ಹಾಕುವ ಮಂತ್ರಿಸಿದ ಮಣ್ಣು ನನ್ನ ಬಳಿ ಇದೆಯಲ್ಲ, ಸಾಕು ಎಂದರು. ಮಾತಿನ ಕೊನೆಗೆ, "ಸಿಲ್ವೇರ್, ಈಗ ರಸ್ತೆ ಇದೆಯಲ್ಲ. ರಸ್ತೆಯಲ್ಲೇ ಒಯ್ಯಿರಿ. ದೇವರು ದಡದಲ್ಲೂ ಇದ್ದಾನೆ" ಎಂದರು. ತಪ್ಪೇನಲ್ಲ. ಕೊಲ್ಲಿಯನ್ನು ಬಳಸಿ ಗೋರಿಗುಡ್ಡದ ಪಕ್ಕದಲ್ಲೇ ಹಾದು, ಆಚೆಯ ಮರಳಿಗೆ ಪ್ರವಾಸಿಗಳನ್ನು ಒಯ್ಯುವ ರಸ್ತೆ ಅದು. ಧಕ್ಕೆಯ ಹಣದಲ್ಲೇ ಆದದ್ದು. ಅವರು ಹೇಳಿದ್ದನ್ನು ನಾನು ಮಾ ಯುಲಾಲಿಗೆ ತಿಳಿಸಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಅಲ್ಲಿ ಧಕ್ಕೆಯ ಕೆಳಗೆ ಗ್ಯಾಸ್ಪಾರ್ ಹಗ್ಗದ ದೋಣಿಯ ನೀರು ತೋಡಿ ಚೆಲ್ಲುತ್ತಿದ್ದ.

"ಕ್ಲೋವಿಸ್, ಹಡಗು ಬರುವಾಗ ಆ ನೀರಲ್ಲಿ ಯಾರೂ ಇರಬಾರ್ದು ಅಲ್ವಾ?"

"ಯಾರೂ ಇರಬಾರ್ದಮ್ಮ."

"ಆ ದೋಣಿ ಇರುತ್ತಲ್ಲ."

"ಅದು ಹಗ್ಗದ ದೋಣಿ. ಅದಿಲ್ದಿದ್ರೆ ಹಡಗೇ ನಿಲ್ಲಲ್ಲ."

"ಅದರಲ್ಲಿ ಎಷ್ಟು ಜನ ಇರ್ಬೇಕು?"

"ಮೂರು ಜನ."

"ನಾಳೆ ಯಾರ್ಯಾರು?"

"ಗ್ಯಾಸ್ಪಾರ್, ಪ್ರೋಸ್ಪೇರ್..." ಎಂದವನು ನಿಂತ. ಅವಳ ಮುಖ ನೋಡಿದ. ಮತ್ತೆ ನನ್ನ ಮುಖ ನೋಡಿದ. "ಮೂರನೆಯವ್ರು ಯಾರು ಅಂತ ಇನ್ನೂ ಆಗಿಲ್ಲ."

"ಯಾಕೆ ಆಗಿಲ್ಲ? ಇಷ್ಟು ವರ್ಷ ಯಾರಿದ್ರೋ ಅವರೇ ಇರ್ತಾರೆ. ಮಲಗಿರ್ತಾರೆ, ಅಷ್ಟೆ. ಆ ಕಂಬದ ಹತ್ರ ತನಕ ಹೋಗಿದ್ದೇ ಹೋಗಿದ್ದು, ಕೆಲಸ ಮುಗಿಸಿ ದೋಣಿ ಗುಡ್ಡದ ಬುಡಕ್ಕೆ ತಾಗಿಸಿದ್ರೆ ಯಾವ ಹಡಗಿಗೆ ಏನು ನೋವು?"

ಕ್ಲೋವಿಸ್ ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದ. ಅವನಿಗೂ ಸಂಸಾರವಿದೆ. ಧಕ್ಕೆಯಲ್ಲಿ ಅವನ ಜಾಗಕ್ಕೆ ಕಾಯುತ್ತಿರುವವರು ಅನೇಕ. ಕಡೆಗೆ ಅವನು ನನ್ನ ಕಡೆ ತಿರುಗಿದ. "ತೊಂತೊಂ, ಹಡಗಿನ ಕಪ್ತಾನ ರೇಡಿಯೊದಲ್ಲಿ ಕೇಳ್ತಾನೆ, ದೋಣೀಲಿ ಮೂವರೂ ಇದ್ದಾರಾ ಅಂತ. ಇದ್ದಾರೆ ಅಂದ್ರೆ ಅದು ಸುಳ್ಳಾಗುತ್ತಾ?"

ನಾನೇನು ದೊಡ್ಡ ಪಂಡಿತನಲ್ಲ. ಮನಸ್ಸಿಗೆ ತೋಚಿದ್ದನ್ನು ಹೇಳಿದೆ: "ಸತ್ತವರನ್ನೂ ನಮ್ಮ ಜೊತೇಲೇ ಎಣಿಸಿ ಪ್ರತಿ ಭಾನುವಾರ ಪ್ರಾರ್ಥನೆ ಮಾಡ್ತೀವಿ ಮಗ. ಹಡಗಿನವರಿಗೆ ಅದು ಹೇಗೋ ಗೊತ್ತಿಲ್ಲ. ನಮಗೆ ಸುಳ್ಳಲ್ಲ."

"ಆದ್ರೆ ಅಮ್ಮಾ," ಅವನು ಮಾ ಯುಲಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಅವರ ಜೊತೆ ನೀವು ಹೋಗೋ ಹಾಗಿಲ್ಲ. ಹಿಂದೆ ಬೇರೆ ದೋಣಿ ಹೋಗೋ ಹಾಗಿಲ್ಲ. ಹಾಡಬಾರ್ದು. ಪೆಟ್ಟಿಗೆ ಮೇಲೆ ಟಾರ್ಪಾಲು ಹಾಕ್ಬೇಕು. ಮೇಲಿನಿಂದ ನೋಡಿದವರಿಗೆ ಸಾಮಾನು ಅನ್ನಿಸ್ಬೇಕು. ಇದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ."

ಇದು ಸಣ್ಣ ಮಾತಲ್ಲ. ಹೆಣದ ದೋಣಿಯಲ್ಲಿ ಹೆಂಡತಿ ಗಂಡನ ತಲೆಯ ಬಳಿ ಕೂತು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡೇ ದಾಟುವುದು ನಮ್ಮ ಪದ್ಧತಿ. ಮದುವೆಯ ದಿನ ಹಿಡಿದ ಕೈಯನ್ನು ಅವಳು ಬಿಡುವುದು ಆಚೆ ದಡದಲ್ಲಿ. ರಸ್ತೆಯಲ್ಲಿ ಒಯ್ದರೆ ಕೈಯಿಟ್ಟುಕೊಂಡು ಹೋಗಬಹುದು, ಹಾಡಬಹುದು, ಇಡೀ ಊರು ಹಿಂದೆ ನಡೆಯಬಹುದು. ನೀರಿನಲ್ಲಾದರೆ ಅವನೊಬ್ಬನೇ ಹೋಗಬೇಕು. ಎರಡರಲ್ಲಿ ಒಂದು.

ಅವಳು ಮಡಿಲಲ್ಲಿದ್ದ ತನ್ನ ಬಲಗೈಯನ್ನು ತಿರುವಿ ತಿರುವಿ ನೋಡಿಕೊಂಡಳು. "ಅವರನ್ನ ಕೇಳೋಕಾಗಲ್ಲ" ಎಂದಳು. ಆಮೇಲೆ, "ಕೇಳಿದ್ರೆ, 'ನೀನ್ ನಡ್ಕೊಂಡ್ ಬಾ, ನಾನ್ ಮುಂದೆ ಹೋಗಿರ್ತೀನಿ' ಅಂತಿದ್ರು. ಯಾವತ್ತೂ ಹಾಗೇ. ಸಂತೆಗೂ ಹಾಗೇ, ಪೂಜೆಗೂ ಹಾಗೇ. ಒಂದು ದಿನ ಜೊತೇಲಿ ನಡೆದವರಲ್ಲ" ಎಂದಳು. ನಕ್ಕಳೋ ಏನೋ. "ಆಯ್ತು. ನೀರಲ್ಲೇ ಹೋಗ್ಲಿ."

ಭಾನುವಾರ ಮೂಡಲು ಬೆಳ್ಳಗಾಗುತ್ತಿದ್ದಂತೆ ಪೆಟ್ಟಿಗೆಯನ್ನು ಧಕ್ಕೆಯ ಮೆಟ್ಟಿಲಿಗೆ ತಂದೆವು. ಹೊತ್ತವರು ನಾಲ್ಕೇ ಜನ. ಗ್ಯಾಸ್ಪಾರ್ ಮತ್ತು ಪ್ರೋಸ್ಪೇರ್ ಕೆಳಗೆ ದೋಣಿಯಲ್ಲಿ ಕೈಚಾಚಿ ನಿಂತಿದ್ದರು. ಪ್ರೋಸ್ಪೇರ್ ಮಾತು ಕಡಿಮೆಯವನು, ಕಂಬ ಹತ್ತುವವನು. ಪೆಟ್ಟಿಗೆಯನ್ನು ದೋಣಿಯ ಹಿಂಭಾಗದಲ್ಲಿ, ಅನಾತೋಲ್ ಕೂರುತ್ತಿದ್ದ ಹಲಗೆಯ ಕೆಳಗೆ ಉದ್ದಕ್ಕೆ ಇಳಿಸಿದರು. ಮಾ ಯುಲಾಲಿ ಕೊನೆಯ ಮೆಟ್ಟಿಲ ತನಕ ಇಳಿದಳು. ನೀರು ಅವಳ ಚಪ್ಪಲಿಗೆ ತಾಗುತ್ತಿತ್ತು. ಬಾಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

ಗ್ಯಾಸ್ಪಾರ್ ಟಾರ್ಪಾಲು ಹಿಡಿದುಕೊಂಡು ಕಾದ. ಅವನ ಬಾಯಲ್ಲಿ ಯಾವಾಗಲೂ ಒಂದು ಕುಹಕ ಇದ್ದೇ ಇರುತ್ತದೆ. ಆ ಹೊತ್ತು ಅದೂ ಇರಲಿಲ್ಲ. ದೂರದಲ್ಲಿ ಹಸಿರು ಚಿಮಣಿಯ ಹಡಗಿನ ದೀಪಗಳು ಕಡಲಂಚಿನಲ್ಲಿ ಒಂದು ಬೀದಿಯಂತೆ ಕಾಣತೊಡಗಿದವು.

"ಅಮ್ಮಾ" ಎಂದ ಕ್ಲೋವಿಸ್ ಮೇಲಿನಿಂದ, ಮೆಲ್ಲಗೆ.

ಅವಳು ಕೈ ತೆಗೆದಳು.

ನಾವು ರಸ್ತೆಗೆ ಬಂದೆವು. ಊರು ಆಗಲೇ ಅಲ್ಲಿ ಸೇರಿತ್ತು: ಹೆಂಗಸರು ಬಿಳಿ ಬಟ್ಟೆಯಲ್ಲಿ, ಗಂಡಸರು ಕೈಯಲ್ಲಿ ಟೊಪ್ಪಿಗೆ ಹಿಡಿದು. ಹೊರಲು ಏನೂ ಇಲ್ಲದ ಶವಯಾತ್ರೆ ಅದು. ತಮ್ಮ ಕೈಯನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ನಾನು ಶಿಲುಬೆ ಹಿಡಿದು ಮುಂದೆ ನಡೆದೆ, ಮಾ ಯುಲಾಲಿ ನನ್ನ ಪಕ್ಕದಲ್ಲಿ. ಹಾಡಬಾರದೆಂದು ಕ್ಲೋವಿಸ್ ಹೇಳಿದ್ದು ದೋಣಿಗೆ. ರಸ್ತೆಗೆ ಆ ಕಟ್ಟುಪಾಡಿರಲಿಲ್ಲ. ಆದರೂ ಯಾರೂ ಹಾಡು ಎತ್ತಲಿಲ್ಲ. ರಸ್ತೆ ಏರುತ್ತದೆ, ಮುದುಕರೇ ಹೆಚ್ಚು, ಉಸಿರು ನಡೆಯಲಿಕ್ಕೇ ಬೇಕಿತ್ತು. ಒಂದು ಹೊತ್ತಿನಲ್ಲಿ ನನ್ನ ಮನಸ್ಸೂ ಖಾಲಿಯಾಗಿತ್ತು. ಜಪದ ಮಾತುಗಳು ಬರುತ್ತಿದ್ದವು, ಹೋಗುತ್ತಿದ್ದವು, ನನ್ನಲ್ಲಿ ನಿಲ್ಲುತ್ತಿರಲಿಲ್ಲ. ದೇವರು ಅದನ್ನೂ ತೆಗೆದುಕೊಳ್ಳುತ್ತಾನೆ ಎಂದು ನಂಬಿ ನಡೆದೆ.

ತಿರುವಿನಲ್ಲಿ ಕೊಲ್ಲಿ ಪೂರ್ತಿ ಕಾಣುತ್ತದೆ. ಎಲ್ಲರೂ ತಾವಾಗಿಯೇ ನಿಂತರು.

ಹಡಗು ಬಾಯಿಯೊಳಗೆ ಬಂದಿತ್ತು. ನಮ್ಮ ಇಗರ್ಜಿಯ ಮೇಲೆ ಇಗರ್ಜಿ ಪೇರಿಸಿದರೂ ಅದರ ಎತ್ತರಕ್ಕೆ ಬರುತ್ತಿರಲಿಲ್ಲ. ಅದರ ಮೂತಿಯ ನೆರಳಿನಲ್ಲಿ ಹಗ್ಗದ ದೋಣಿ ಒಂದು ಒಣ ಎಲೆಯಂತೆ ಕಾಣುತ್ತಿತ್ತು. ಎಲೆಯ ಹಿಂಭಾಗದಲ್ಲಿ ನೀಲಿ ಟಾರ್ಪಾಲು. ಮೇಲಿನಿಂದ ಹಗ್ಗ ಇಳಿಯಿತು. ಪ್ರೋಸ್ಪೇರ್ ಕುಣಿಕೆ ಹಿಡಿದ, ಗ್ಯಾಸ್ಪಾರ್ ದೋಣಿ ತಿರುಗಿಸಿದ, ಹಗ್ಗ ಬಾಲದಂತೆ ನೀರಿನ ಮೇಲೆ ಹಿಂದೆ ಬಂತು. ಹಡಗಿನ ಮೇಲ್ಮಹಡಿಯಲ್ಲಿ ಬೇಗ ಎದ್ದ ಪ್ರವಾಸಿಗಳು ಕಟಕಟೆಗೆ ಬಂದು ನಿಂತಿದ್ದರು. ದೋಣಿಯತ್ತ ಕೈಬೀಸಿದರು. ಅವರು ಯಾವಾಗಲೂ ಬೀಸುತ್ತಾರೆ. ಗ್ಯಾಸ್ಪಾರ್ ಟೊಪ್ಪಿಗೆ ತೆಗೆದದ್ದು ನಮಗೆ ಕಂಡಿತು. ಅವರು ಅದನ್ನು ತಮಗೇ ಅಂದುಕೊಂಡು ಇನ್ನಷ್ಟು ಬೀಸಿದರು.

ದೋಣಿ ಕಂಬಕ್ಕೆ ಮುಟ್ಟಿತು. ಪ್ರೋಸ್ಪೇರ್ ಹತ್ತಿದ. ಆಗ ಹಗ್ಗದ ಹಿಂಭಾಗ ಮುಳುಗಿತು. ಎತ್ತಿಹಿಡಿಯಲು ಯಾರೂ ಇಲ್ಲ. ಎಂಜಿನ್ನಿಗೆ ಸುತ್ತಿಕೊಂಡೀತೆಂದು ಗ್ಯಾಸ್ಪಾರ್ ಎಂಜಿನ್ ನಿಲ್ಲಿಸಿ ಹಿಂದಕ್ಕೆ ಓಡಿದ, ದೋಣಿ ಅಲೆಗೆ ಅಡ್ಡ ತಿರುಗಿತು, ಕುಣಿಕೆ ಪ್ರೋಸ್ಪೇರನ ಕೈಯಿಂದ ಜಾರಿ ನೀರಿಗೆ ಬಿತ್ತು. ಹಡಗಿನವರು ಹಗ್ಗವನ್ನು ಮೇಲಕ್ಕೆ ಎಳೆದುಕೊಳ್ಳತೊಡಗಿದರು.

"ಏನಾಯ್ತು?" ಎಂದಳು ಮಾ ಯುಲಾಲಿ. ಅವಳ ಕಣ್ಣು ಅಷ್ಟು ದೂರಕ್ಕೆ ಸಾಲದು.

"ಹಗ್ಗ ಜಾರಿತು. ಮತ್ತೆ ತರೋಕೆ ಹೋಗ್ತಿದ್ದಾರೆ."

"ಅವರನ್ನೂ ಕರ್ಕೊಂಡಾ?"

"ಕರ್ಕೊಂಡೇ."

ಅವಳು ತಲೆಯಾಡಿಸಿದಳು. "ಕೊನೇ ದಿನಾನೂ ಎರಡು ಸಲ ದುಡಿಸ್ಕೊಂಡ್ರು" ಎಂದಳು. ಹಿಂದೆ ಯಾರೋ ಒಬ್ಬ ಮುದುಕಿ ತಡೆಯಲಾರದೆ ನಕ್ಕಳು, ನಕ್ಕು ಬಾಯಿ ಮುಚ್ಚಿಕೊಂಡಳು, ಆಮೇಲೆ ಅತ್ತಳು.

ನಾವು ಗೋರಿಗುಡ್ಡ ತಲುಪಿ ಬಹಳ ಹೊತ್ತು ಕಾದೆವು. ತೋಡಿಟ್ಟ ಗುಂಡಿಯ ಪಕ್ಕದಲ್ಲಿ ನೆರಳಿಲ್ಲ. ಬಿಸಿಲು ಏರಿತು. ಕೆಲವರು ಹಳೆಯ ಗೋರಿಗಳ ಕಟ್ಟೆಯ ಮೇಲೆ ಕೂತರು. ಮಾ ಯುಲಾಲಿ ಕೂರಲಿಲ್ಲ. ಕೆಳಗೆ ಬಂಡೆಗಳ ಬುಡದಲ್ಲಿ ಎಂಜಿನ್ ಸದ್ದು ಕೇಳಿದಾಗ ಗಂಡಸರು ಇಳಿದುಹೋದರು.

ಪೆಟ್ಟಿಗೆಯನ್ನು ಹೊತ್ತು ತಂದಾಗ ಅದರಿಂದ ನೀರು ಸೋರುತ್ತಿತ್ತು. ಹಗ್ಗದಿಂದ ಎದ್ದ ನೀರು ಟಾರ್ಪಾಲಿನೊಳಗೂ ನುಗ್ಗಿತ್ತು. ಮೇಲೆ ಹಾಸಿದ್ದ ಬಿಳಿ ಬಟ್ಟೆಗೆ ಹಗ್ಗದ ಕಪ್ಪು ಜಿಡ್ಡು ಮೆತ್ತಿಕೊಂಡಿತ್ತು. ಎರಡನೆಯ ಸಲ ಹಗ್ಗವನ್ನು ತಾನೇ ಎತ್ತಿಹಿಡಿದ ಗ್ಯಾಸ್ಪಾರನ ಅಂಗೈ ಹರಿದು ರಕ್ತ ಒಸರುತ್ತಿತ್ತು. ಅವನು ಮಾ ಯುಲಾಲಿಯ ಮುಂದೆ ನಿಂತು, ಶಾಲೆಯಲ್ಲಿ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ.

"ಅಮ್ಮಾ, ಕೊಳೆಯಾಗ್ಬಿಡ್ತು. ಹಿಂದೆ ಕೂತು ಅವನು ಸುಮ್ನೆ ಹರಟೆ ಹೊಡೀತಾನೆ ಅಂತ ಇಷ್ಟು ವರ್ಷ ಬೈತಿದ್ದೆ. ಇವತ್ತು..." ಅವನು ಹರಿದ ಅಂಗೈಯನ್ನು ಅಂಗಿಗೆ ಒರೆಸಿಕೊಂಡ.

"ನೀರು ಮುಟ್ಟಿಸ್ದೆ ತಂದಿದ್ರೆ ನನಗೆ ಬೇಜಾರಾಗ್ತಿತ್ತು ಮಗ" ಎಂದಳು ಅವಳು.

ಪೆಟ್ಟಿಗೆಯನ್ನು ಗುಂಡಿಯ ಅಂಚಿನಲ್ಲಿಟ್ಟರು. ಬದಲಿಸಲು ಬೇರೆ ಬಟ್ಟೆ ತರಲೇ ಎಂದು ಯಾರೋ ಕೇಳಿದರು. ಅವಳು ಬೇಡವೆಂದು ಕೈಯಾಡಿಸಿ, ಪೆಟ್ಟಿಗೆಯ ತಲೆಯ ಕಡೆಗೆ ಹೋಗಿ ಮಂಡಿಯೂರಿದಳು. ನಸುಕಿನಲ್ಲಿ ತೆಗೆದಿದ್ದ ಕೈಯನ್ನು ಮತ್ತೆ ಅಲ್ಲೇ ಇಟ್ಟಳು. ಒದ್ದೆ ಮರದ ಮೇಲೆ ಅದು ಸ್ವಲ್ಪ ಜಾರಿತು. ಅವಳು ಒತ್ತಿಹಿಡಿದಳು.

ಆಚೆ ಧಕ್ಕೆಯಲ್ಲಿ ಪ್ರವಾಸಿಗಳು ಇಳಿಯತೊಡಗಿದ್ದರು. ಅವರನ್ನು ಸ್ವಾಗತಿಸಲು ಇಟ್ಟ ಡೋಲಿನವರ ಸದ್ದು ಗಾಳಿಯಲ್ಲಿ ತುಂಡು ತುಂಡಾಗಿ ಬರುತ್ತಿತ್ತು. ಅವರೂ ನಮ್ಮ ಹುಡುಗರೇ. ಮುಗಿದೊಡನೆ ಇಲ್ಲಿಗೆ ಬರುತ್ತೇವೆಂದು ಹೇಳಿ ಹೋಗಿದ್ದರು. ಮುಂದಿನವರು ಯಾವ ದಾರಿಯಲ್ಲಿ ಬರುತ್ತಾರೋ ನನಗೆ ತಿಳಿಯದು. ಸತ್ತವನು ಪ್ರತಿ ಸಲವೂ ಹಗ್ಗದ ದೋಣಿಯ ಮೂರನೆಯವನೇ ಆಗಿರುವುದಿಲ್ಲ. ನನ್ನನ್ನು ರಸ್ತೆಯಲ್ಲೇ ತರುತ್ತಾರೆ ಎಂದು ತೋರುತ್ತದೆ. ತರಲಿ. ನಾನು ಕಡಲಿನ ಅನ್ನ ತಿಂದವನಲ್ಲ, ಗಂಟೆಯ ಅನ್ನ ತಿಂದವನು.

ಮಂತ್ರಿಸಿದ ಮಣ್ಣಿನ ಡಬ್ಬಿ ತೆರೆದು ನಾನು ಡೋಲು ನಿಲ್ಲಲಿ ಎಂದು ಕಾಯುತ್ತಿದ್ದೆ. ಮಾ ಯುಲಾಲಿ ತಲೆಯೆತ್ತಿ ನನ್ನನ್ನು ನೋಡಿದಳು.

"ಶುರು ಮಾಡು ಸಿಲ್ವೇರ್" ಎಂದಳು. "ಅದು ನಿಲ್ಲಲ್ಲ. ಎಲ್ಲರಿಗೂ ನಿಂತು ನಿಂತು ಕಾಲು ನೋಯ್ತಿದೆ."

ನಾನು ಶುರು ಮಾಡಿದೆ.